ಅಳಿಯನ ವಾಚು ಮತ್ತು ಅಮೆರಿಕದ ಕಾರ್ಖಾನೆ

ಕಂಪ್ಲಿ ಸೀಮೆಯ ಮೆಟ್ರಿಯಂಥ ಊರುಗಳಲ್ಲಿ ಒಂದು ಕಾಲಕ್ಕೆ ಮದುವೆ ಮಾತುಕತೆಯಲ್ಲಿ ಮೂರು ವಸ್ತುಗಳ ಪ್ರಸ್ತಾಪ ಬರುತ್ತಿತ್ತು: ಉಂಗುರ, ಸೈಕಲ್ಲು, ವಾಚು. ವಾಚು ಎಂದರೆ ಎಚ್‌ಎಂಟಿ. ಬೇರೆ ಹೆಸರು ಹೇಳಬೇಕಾಗಿರಲಿಲ್ಲ. ಅಂದು ಅಳಿಯನ ಕೈಗೇರಿದ ಆ ವಾಚು ಇಂದು ಎಷ್ಟೋ ಮನೆಗಳಲ್ಲಿ ಹಳೆಯ ಪಹಣಿ ಕಾಗದಗಳ ಜೊತೆ ಟ್ರಂಕಿನ ತಳ ಸೇರಿದೆ. ಅದನ್ನೇ ಹುಡುಕಿಕೊಂಡು ಬರುವ ಸಂಗ್ರಾಹಕರು ಈಗ ಹುಟ್ಟಿಕೊಂಡಿದ್ದಾರೆ.

ಈ ವಾಚಿನ ಕಥೆ ಬೆಂಗಳೂರಿನಲ್ಲಿ ಶುರುವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಗಡಿಯಾರವೆಂದರೆ ಕುಶಲಕರ್ಮಿಯ ಕೈಕೆಲಸ. ಒಂದು ವಾಚಿನ ಚಕ್ರ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಹಲ್ಲು ಮುರಿದರೆ ಹೊಸ ಚಕ್ರವನ್ನು ಅರದಿಂದ ಉಜ್ಜಿಯೇ ಮಾಡಬೇಕಿತ್ತು. ಅಮೆರಿಕದ ಬಂದೂಕು ಕಾರ್ಖಾನೆಯಲ್ಲಿ ಒಂದೇ ಅಳತೆಯ ಬಿಡಿಭಾಗಗಳು ಯಂತ್ರದಿಂದ ಹೊರಬೀಳುವುದನ್ನು ಕಂಡ ಆರನ್ ಡೆನಿಸನ್ ಎಂಬಾತ, ವಾಚನ್ನೂ ಹೀಗೇಕೆ ಮಾಡಬಾರದು ಎಂದು 1850ರಲ್ಲಿ ಕೆಲಸಕ್ಕಿಳಿದ. 1854ರಲ್ಲಿ ಕಾರ್ಖಾನೆ ಮಸಾಚುಸೆಟ್ಸ್‌ನ ವಾಲ್ಥಮ್‌ಗೆ ಬಂತು. 1857ರಲ್ಲಿ ದಿವಾಳಿಯೂ ಆಯಿತು! ಬೇರೆಯವರ ಕೈಸೇರಿ ಚೇತರಿಸಿಕೊಂಡ ಅದನ್ನು ಎತ್ತಿ ನಿಲ್ಲಿಸಿದ್ದು 1861ರಿಂದ 1865ರವರೆಗಿನ ಅಂತರ್ಯುದ್ಧ. ಅಗ್ಗದ ‘ವಿಲಿಯಂ ಎಲ್ಲರಿ’ ವಾಚನ್ನು ಸೈನಿಕರು ಕೊಂಡು ಕಿಸೆಗಿಳಿಸಿದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅಮೆರಿಕದ ವಾಚುಗಳನ್ನು ನೋಡಿದ ಸ್ವಿಸ್ ತಜ್ಞರು ಬೆಚ್ಚಿಬಿದ್ದು ಊರಿಗೆ ಎಚ್ಚರಿಕೆಯ ವರದಿ ಒಯ್ದರು.

ನಿಖರತೆಗೆ ಒತ್ತು ಕೊಟ್ಟದ್ದು ರೈಲು. ಎದುರು ಗಾಡಿಗೆ ದಾರಿ ಬಿಡಲು ಯಾವುದೋ ಸ್ಟೇಷನ್ನಿನಲ್ಲಿ ಕಾದು ಕೂತ ಹೊಸಪೇಟೆ ಕಡೆಯ ಪ್ರಯಾಣಿಕರಿಗೆ ಇದು ಬೇಗ ಅರ್ಥವಾದೀತು. ಒಂದೇ ಹಳಿಯಲ್ಲಿ ಎರಡು ಗಾಡಿ ಓಡಬೇಕಾದರೆ ಇಬ್ಬರು ಚಾಲಕರ ವಾಚೂ ಒಂದೇ ಸಮಯ ಹೇಳಬೇಕು. 1891ರಲ್ಲಿ ಒಹಾಯೋ ರಾಜ್ಯದ ಕಿಪ್ಟನ್‌ನಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದು ಜೀವಹಾನಿಯಾಯಿತು. ಚಾಲಕನೊಬ್ಬನ ವಾಚು ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಕಾರಣ ಎಂಬ ಮಾತು ಉಳಿದುಬಂದಿದೆ. ಆಮೇಲೆ ವೆಬ್ ಬಾಲ್ ಎಂಬ ಆಭರಣ ವ್ಯಾಪಾರಿಯ ಉಸ್ತುವಾರಿಯಲ್ಲಿ ರೈಲ್ವೆ ವಾಚುಗಳಿಗೆ ಬಿಗಿಯಾದ ಕಟ್ಟಳೆ ಬಂತು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿಲ್ಲ. ಇಂಥ ವಾಲ್ಥಮ್, ಎಲ್ಜಿನ್, ಹ್ಯಾಮಿಲ್ಟನ್ ಕಿಸೆ ವಾಚುಗಳೇ ಇಂದು ಅಲ್ಲಿನ ಸಂಗ್ರಾಹಕರ ಅಚ್ಚುಮೆಚ್ಚು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳು ಸೇನೆಯ ಕೆಲಸಕ್ಕೆ ಹೊರಳಿದಾಗ ಪೇಟೆಯನ್ನು ಸ್ವಿಸ್ಸರು ಹಿಡಿದರು. ವಾಲ್ಥಮ್ 1957ರಲ್ಲಿ, ಹ್ಯಾಮಿಲ್ಟನ್ 1969ರಲ್ಲಿ ಅಲ್ಲಿ ವಾಚು ತಯಾರಿಕೆ ನಿಲ್ಲಿಸಿದವು.

ಅಷ್ಟರಲ್ಲಿ ಆ ವಿದ್ಯೆ ಜಪಾನಿನ ಮೂಲಕ ನಮ್ಮಲ್ಲಿಗೆ ಬಂದಿತ್ತು. ಲೇತು, ಮಿಲ್ಲಿಂಗ್ ಯಂತ್ರ ಮಾಡಲೆಂದು 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್. ಕುರುಡರಿಗೆಂದು ಬ್ರೈಲ್ ವಾಚು ಕೂಡ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಒಟ್ಟು ತಯಾರಾದ ವಾಚುಗಳು ಹತ್ತು ಕೋಟಿಗೂ ಮಿಕ್ಕಿ.

ಜನತಾ ವಾಚಿನಲ್ಲಿ 17 ಜ್ಯುವೆಲ್. ಅವು ಒಡವೆಯ ಹರಳಲ್ಲ. ಚಕ್ರದ ಅಚ್ಚು ಸವೆಯದಂತೆ ಕೂರಿಸುವ ಕೃತಕ ಮಾಣಿಕ್ಯ. ದಿನಕ್ಕೊಮ್ಮೆ ಕೀ ಕೊಟ್ಟರೆ ಸೆಕೆಂಡಿಗೆ ಐದು ಸಲ ಟಿಕ್ಕೆನ್ನುತ್ತದೆ. ಬ್ಯಾಟರಿಯ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಿಖರತೆಯಲ್ಲಿ ಎಲ್ಲಿಯ ಸಾಟಿ? ಜಪಾನಿನ ಸೀಕೋ 1969ರಲ್ಲಿ ಆ ವಾಚು ತಂದಿತು. ಎಚ್‌ಎಂಟಿಗೆ ಅದು ಗೊತ್ತಿರಲಿಲ್ಲವೆಂದಲ್ಲ. 1980ರ ದಶಕದ ಆರಂಭದಲ್ಲೇ ಅದೂ ಕ್ವಾರ್ಟ್ಸ್ ವಾಚು ಮಾಡಿತು, ಆದರೆ ನೆಚ್ಚಿಕೊಂಡಿದ್ದು ಮಾತ್ರ ಕೀ ಕೊಡುವ ವಾಚನ್ನು. 1984ರಲ್ಲಿ ಹುಟ್ಟಿದ ಟೈಟಾನ್ ಗಡಿಯಾಚೆಯ ಹೊಸೂರಿನಿಂದ ಕ್ವಾರ್ಟ್ಸ್‌ಗೇ ಒತ್ತುಕೊಟ್ಟು, ಚೆಂದದ ಷೋರೂಮುಗಳೊಂದಿಗೆ ಬಂತು. ಗಿರಾಕಿ ಕಾಯುವುದನ್ನು ಬಿಟ್ಟ. ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕಲು ಒಪ್ಪಿತು. ದುಡಿದವರ ಕಣ್ಣಲ್ಲಿ ಅದು ಬರೀ ಲೆಕ್ಕದ ಮಾತಾಗಿರಲಿಲ್ಲ.

ಬೀಗ ಬಿದ್ದ ಮೇಲೆ ಬೇಡಿಕೆ ಏರಿತೆಂಬುದು ವಿಚಿತ್ರ. ಬೇಡಿಕೆಯ ಬೆನ್ನಿಗೇ ಮೋಸವೂ ಬಂತು. ಹಳೆಯ ಡಯಲ್ ಅಳಿಸಿ ಹೊಸ ಬಣ್ಣ ಬಳಿದು, ಕಾರ್ಖಾನೆ ಎಂದೂ ಮಾಡದ ಕಣ್ಣುಕುಕ್ಕುವ ‘ಪೈಲಟ್’ಗಳನ್ನು ಮಾರುತ್ತಾರೆ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಹರಡಿರುವುದು, ನಿಮಿಷದ ಗೆರೆ ಸೊಟ್ಟಗಿರುವುದು ಕಾಣುತ್ತದೆ. ಮಾಸಿದರೂ ಮೂಲ ಡಯಲ್ಲೇ ಮೇಲು.

ಒಳಗಿನ ಯಂತ್ರದ ಮಾತು ಬೇರೆ. ಬಿಡಿಭಾಗ ಬರುವುದು ನಿಂತ ಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ರಿಪೇರಿಯವರು ಸತ್ತ ವಾಚಿನ ಬ್ಯಾಲೆನ್ಸ್ ಚಕ್ರ ತೆಗೆದು ಇನ್ನೊಂದಕ್ಕೆ ಕೂರಿಸುತ್ತಾರೆ. ಎರಡು ಸೇರಿ ಒಂದು ನಡೆಯುತ್ತದೆ. ಶುದ್ಧತೆ ಬಯಸುವ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಡೆನಿಸನ್ ಬಯಸಿದ್ದಾದರೂ ಇದನ್ನೇ.

ಟ್ರಂಕಿನಿಂದ ವಾಚು ತೆಗೆದವರು ಒಂದು ಎಚ್ಚರ ವಹಿಸಬೇಕು. ವರ್ಷಗಟ್ಟಲೆ ಮಲಗಿದ್ದರಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೆಯೇ ಓಡಿಸಿದರೆ ಅಚ್ಚು ಸವೆಯುತ್ತದೆ. ಮೊದಲು ಬಿಚ್ಚಿ ತೊಳೆಸಿ, ಹೊಸ ಎಣ್ಣೆ ಹಾಕಿಸಿ, ಆಮೇಲೆ ಕೀ ಕೊಡುವುದು.