ಮಹಲಿನ ಚಿತಾರ್ ಓಳಿ

ನಾಗಪುರವೆಂದರೆ ಕಿತ್ತಳೆಯ ಊರೆಂದು ನಮ್ಮ ಬಂಧುಬಳಗ ಬಲ್ಲದು. ಇಲ್ಲಿ ನೆಲೆಸಿದ ನಾವು ಇದರ ಹಳೆಯ ಪೇಟೆಯನ್ನೂ ಅರಿಯುವುದು ಒಳ್ಳೆಯದು.

ದೇವಗಡದ ಗೊಂಡ ಅರಸು ಬಖ್ತ್ ಬುಲಂದನು 1702ರಲ್ಲಿ ಕಟ್ಟಿಸಿದನೆನ್ನಲಾದ ಈ ಪಟ್ಟಣವನ್ನು ಹದಿನೆಂಟನೆಯ ಶತಮಾನದ ನಡುವಿನಲ್ಲಿ ರಘೂಜಿ ಭೋಸಲೆ ರಾಜಧಾನಿ ಮಾಡಿಕೊಂಡನು. ಅರಮನೆಯ ಸುತ್ತ ಬೆಳೆದ ಪೇಟೆಯೇ ಮಹಲ್. ಅಲ್ಲಿ ಮೂರ್ತಿಕಾರರ ಬೀದಿಯೊಂದಿದೆ, ಚಿತಾರ್ ಓಳಿ. ಓಳಿ ಎಂದರೆ ಸಾಲು; ಹಳಗನ್ನಡದಲ್ಲೂ ಅದೇ ಅರ್ಥ. ನಮ್ಮ ಕಿನ್ನಾಳದಲ್ಲಿ ಗೊಂಬೆ ಮಾಡುವವರೂ ಚಿತ್ರಗಾರರೇ ಅಲ್ಲವೆ?

1853ರಲ್ಲಿ ಮೂರನೆಯ ರಘೂಜಿ ಗಂಡುಸಂತಾನವಿಲ್ಲದೆ ತೀರಿಕೊಂಡನು. ಅದನ್ನೇ ನೆಪಮಾಡಿ ಡಾಲ್‌ಹೌಸಿಯು ರಾಜ್ಯವನ್ನು ಕಂಪನಿಗೆ ಸೇರಿಸಿಕೊಂಡನು. ರಾಜಾಶ್ರಯ ಹೋಯಿತು, ಕೈಗಳ ಕಸುಬು ಹೋಗಲಿಲ್ಲ. ಜನರ ಹಬ್ಬಗಳೇ ಅದನ್ನು ಸಾಕಿದವು. ಗಣಪತಿ, ದುರ್ಗೆಯರ ಮೂರ್ತಿಗಳು ಇಂದಿಗೂ ಈ ಓಳಿಯಲ್ಲಿ ರೂಪುಗೊಳ್ಳುತ್ತವೆ.

ಎತ್ತಿನ ಹಬ್ಬವಾದ ಪೋಳದ ಮರುದಿನ ಹಳೆಯ ಪೇಟೆಯಲ್ಲಿ ಮಾರಬತ್ ಮೆರವಣಿಗೆ. ಕರಿಯ ಮಾರಬತ್ 1881ರಿಂದ, ಹಳದಿಯದು 1885ರಿಂದ ನಡೆದುಬಂದಿವೆ. ರೋಗರುಜಿನಗಳನ್ನು ಕೊಂಡೊಯ್ಯೆಂದು ಕೂಗಿ, ಆ ದೊಡ್ಡ ಬೊಂಬೆಗಳನ್ನು ಸುಡುತ್ತಾರೆ. ಅದೇ ದಿನ ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿ ತಾನ್ಹಾ ಪೋಳ ಆಚರಿಸುತ್ತಾರೆ. ನಮ್ಮ ಮಣ್ಣೆತ್ತಿನ ಅಮಾವಾಸ್ಯೆ ಕಂಡವರಿಗೆ ಇದು ಪರಕೀಯವೆನಿಸದು.

ಅರಮನೆಯಿಲ್ಲದೆ ಬದುಕಿದ ಈ ಕಲೆ, ಕೊಳ್ಳುವವರಿಲ್ಲದೆ ಬದುಕಲಾರದು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರಿನ ಗಣಪ ಅಗ್ಗ, ಹಗುರ. ಮಣ್ಣಿನ ಗಣಪನಿಗೆ ದಿನಗಟ್ಟಲೆ ದುಡಿಮೆ ಬೇಕು. ಚೌತಿಗೆ ಮುಂಚೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಆ ಬೀದಿಗೆ ಹೋಗಿಬನ್ನಿ. ಮೂರ್ತಿಯನ್ನು ಅಲ್ಲಿಂದಲೇ ತನ್ನಿ. ಉಣ್ಣುವ ಊರಿನ ಋಣ ತೀರಿಸಲು ಅದೂ ಒಂದು ದಾರಿ.