ಗುಜರಿಗೆ ಹೋಗುವ ಮುನ್ನ ಒಂದು ಕೀಸುಳಿ



ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದಾಗ ಆ ಜೋಡಿ ಮರದ ಮೂರ್ತಿಯ ಮುಂದೆ ನೀವೂ ನಿಂತಿರುತ್ತೀರಿ. ಎದುರಿಗೆ ಮೆಫಿಸ್ಟೋಫಿಲಿಸ್, ಹಿಂದಿನ ಕನ್ನಡಿಯಲ್ಲಿ ಮಾರ್ಗರೆಟ್ಟಾ. ಎರಡೂ ಒಂದೇ ದಿಮ್ಮಿಯಲ್ಲಿ. ಮೂರನೆಯ ಸಾಲಾರ್ ಜಂಗ್ (1889–1949) ಕೂಡಿಟ್ಟ ಸಂಗ್ರಹ 1951ರಲ್ಲಿ ಜನರಿಗೆ ತೆರೆಯಿತು. ಮರದ ಕೆಲಸವೇನೋ ಹೀಗೆ ಉಳಿಯುತ್ತದೆ. ಅದನ್ನು ಮಾಡಿದ ಹತ್ಯಾರು ಮಾತ್ರ ಹೆಚ್ಚಾಗಿ ಗುಜರಿ ಸೇರುತ್ತದೆ. ಇವತ್ತು ಅಂಥದೊಂದರ ಕಥೆ: ಕೀಸುಳಿ.

ಹೈದರಾಬಾದಿನ ಬಡಗಿಗೆ ಇದು 'ರಂದಾ', ತೆಲುಗಿನವರಿಗೆ 'ಚಿತ್ರಿಕ'. ಹಲಗೆಯ ಮೇಲೆ ತಳ್ಳಿದರೆ ತೆಳ್ಳನೆಯ ಸುರುಳಿ ಎಬ್ಬಿಸಿ ನುಣುಪು ಮಾಡುವ ಸಾಧನ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೇ ನಗರದಲ್ಲೂ ಕೀಸುಳಿ ಸಿಕ್ಕಿದೆ. ಮೂಲ ಉಪಾಯ ಇಂದಿಗೂ ಅದೇ: ಒಂದು ದಿಮ್ಮಿ, ಓರೆಯಾಗಿ ಕೂತ ಅಲಗು, ಬಿಗಿಹಿಡಿಯಲು ಬೆಣೆ. ಅಲಗನ್ನು ಕೂದಲೆಳೆಯಷ್ಟು ಇಳಿಸಬೇಕಾದರೂ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು.

ಆ ತಟ್ಟುವ ಕಷ್ಟ ತಪ್ಪಿಸಿದವನು ಅಮೆರಿಕದ ಲಿಯೊನಾರ್ಡ್ ಬೈಲಿ. ತಿರುಪು ತಿರುಗಿಸಿದರೆ ಅಲಗು ಏರಿಳಿಯುವ ಅವನ ಕಬ್ಬಿಣದ ಕೀಸುಳಿಯ ಹಕ್ಕುಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. 1931ರಿಂದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 'ರೆಕಾರ್ಡ್' ಹೆಸರಿನವು ತಯಾರಾದವು. ನಮ್ಮ ಸಿಕಂದರಾಬಾದಿನ ಲಾಲಾಗುಡದಲ್ಲಿ ನಿಜಾಮರ ಕಾಲದ ರೈಲ್ವೆ ಕಾರ್ಖಾನೆ ಶುರುವಾದದ್ದು 1893ರಲ್ಲಿ. ಬೋಗಿಗಳ ಮೈ ಮರದ್ದಾಗಿದ್ದ ಕಾಲ ಅದು; ಕೀಸುಳಿಗೆ ಬಿಡುವಿರಲಿಲ್ಲ.

ಹಳೆಯ ಕೀಸುಳಿ ಹುಡುಕುವವರು ಮೊದಲು ನೋಡುವುದು ಅಚ್ಚಿನ ಅಕ್ಷರ. ಸ್ಟ್ಯಾನ್ಲಿಯ ಮೈಮೇಲೆ 1902ರ ಎರಡು, 1910ರ ಒಂದು, ಹೀಗೆ ಮೂರು ಪೇಟೆಂಟ್ ತಾರೀಖುಗಳಿದ್ದರೆ ಅದು ಸುಮಾರು 1910ರಿಂದ 1918ರ ನಡುವಿನದು. ಐದೂವರೆ ಅಂಗುಲದ 'ನಂಬರ್ 1' ಅಪರೂಪ. ಅದಕ್ಕೇ ಅದರ ನಕಲಿಯೂ ಉಂಟು. ತುಕ್ಕು ಕಂಡಿತೆಂದು ಸಾಣೆಯಂತ್ರಕ್ಕೆ ಹಿಡಿದಿರೋ, ಅಕ್ಷರದ ಜೊತೆ ಇತಿಹಾಸವೂ ಉದುರಿಹೋಗುತ್ತದೆ.

ಆದರೆ ನನ್ನ ಚಿಂತೆ ಬೇರೆ. ಕಬ್ಬಿಣದ ಕೀಸುಳಿಗೆ ಹೆಸರಿದೆ, ನಂಬರಿದೆ. ಯಾರಾದರೂ ಗುರುತಿಸಿ ಎತ್ತಿಟ್ಟುಕೊಳ್ಳುತ್ತಾರೆ. ನಮ್ಮ ಬಡಗಿ ತಾನೇ ಗಟ್ಟಿಮರ ಕಡೆದು ಮಾಡಿಕೊಂಡ ರಂದಾಕ್ಕೆ ಯಾವ ಅಚ್ಚೂ ಇಲ್ಲ. ಕೈ ಹಿಡಿದು ಹಿಡಿದು ಸವೆದ ಜಾಗ, ಮಸೆದು ಮಸೆದು ಮೋಟಾದ ಅಲಗು, ಇಷ್ಟೇ ಅದರ ಸಹಿ. ಪ್ಲೈವುಡ್ಡು, ಕರೆಂಟಿನ ಯಂತ್ರ ಬಂದ ಮೇಲೆ ಅದು ಅಟ್ಟ ಸೇರಿತು. ಅಟ್ಟದಿಂದ ಮುಂದಿನ ದಾರಿ ಒಲೆಗೆ.

ಗುರುವಾರ ಜುಮೇರಾತ್ ಬಜಾರಿನ ಕಡೆ ಹೋದರೆ ಹಳೇ ಸಾಮಾನಿನ ರಾಶಿಯಲ್ಲಿ ಒಮ್ಮೆ ಕಣ್ಣಾಡಿಸಿ. ರಜೆಗೆ ಬೀದರಿಗೋ ರಾಯಚೂರಿಗೋ ಹೋದಾಗ ಪರಿಚಯದ ಬಡಿಗೇರರ ಮನೆಯಲ್ಲಿ ವಿಚಾರಿಸಿ. ರಂದಾ ಸಿಕ್ಕರೆ ಅದು ಯಾರದು, ಯಾವ ಊರಿನದು, ಅದರಿಂದ ಯಾರ ಮನೆಯ ಬಾಗಿಲು ಮಾಡಿದರು ಎಂದು ಕೇಳಿ, ಚೀಟಿಯಲ್ಲಿ ಬರೆದು ಕಟ್ಟಿಡಿ. ಹೇಳುವವರು ಇರುವಾಗಲೇ ಕೇಳಬೇಕು. ಆ ಚೀಟಿ ಇಲ್ಲದಿದ್ದರೆ ಅದು ಬರೀ ಕಟ್ಟಿಗೆ ತುಂಡು.