ಒಡಕು ದನಿಯ ದುರಸ್ತಿ

ರೇಡಿಯೋದ ದನಿ ಒಡೆದು ಗೊರಗೊರ ಎಂದರೆ ನಾವು ಮಾಡುವುದೇನು? ಮೊದಲು ಗುಂಡಿ ತಿರುಗಿಸುತ್ತೇವೆ. ನೆತ್ತಿಯ ಮೇಲೊಂದು ಪೆಟ್ಟು ಕೊಡುತ್ತೇವೆ. ಅದಕ್ಕೂ ಬಗ್ಗದಿದ್ದರೆ ರಿಪೇರಿ ಅಂಗಡಿಗೆ ಒಯ್ಯುತ್ತೇವೆ. ಒಡಕನ್ನು ಹೋಗಲಾಡಿಸುವುದೇ ಅಂಗಡಿಯವನ ಕೆಲಸ. ಆದರೆ ದನಿಯನ್ನು ಒಡೆಯುವುದೇ ಕಸುಬಾಗಿರುವ ಯಂತ್ರವೊಂದು ಕೆಟ್ಟರೆ? ಅದರಲ್ಲಿ ದೋಷ ಯಾವುದು, ಗುಣ ಯಾವುದು? ವಿದ್ಯುತ್ ಗಿಟಾರಿನ ಹಳೆಯ ‘ಫಜ್’ ಪೆಟ್ಟಿಗೆಗಳನ್ನು ದುರಸ್ತಿ ಮಾಡುವವರಿಗೆ ದಿನವೂ ಎದುರಾಗುವ ಪ್ರಶ್ನೆ ಇದು.

ಈ ಪೆಟ್ಟಿಗೆ ಹುಟ್ಟಿದ್ದೇ ಒಂದು ದೋಷದಿಂದ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ನುಡಿಸುತ್ತಿದ್ದಾಗ ಧ್ವನಿ ಮಿಶ್ರಣ ಮಾಡುವ ಯಂತ್ರದೊಳಗೆ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತು. ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಣಜದ ಹುಳುವಿನಂಥ ಸದ್ದು! ಅಳಿಸಿಹಾಕದೆ ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಬಹು ಜನಪ್ರಿಯವಾಯಿತು. ಆ ಸದ್ದು ತಮಗೂ ಬೇಕೆಂದು ಇತರರು ಕೇಳತೊಡಗಿದರು. ಕೆಟ್ಟ ಭಾಗವನ್ನು ನೆಚ್ಚಿಕೊಂಡು ಎಷ್ಟು ದಿನ ಕೂರಲಾದೀತು? ಯಂತ್ರಜ್ಞ ಗ್ಲೆನ್ ಸ್ನಾಡಿ ಆ ಒಡಕನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಹುಟ್ಟಿಸುವ ಮಂಡಲವನ್ನು ಕಟ್ಟಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ‘ಮೇಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಒಂದು ಹಾಡಿನಲ್ಲಿ ಬಳಸಿದ ಮೇಲೆ ಅದಕ್ಕೆ ನಿಜವಾದ ಬೇಡಿಕೆ ಬಂದಿತು. ಮರುವರ್ಷ ಲಂಡನ್ನಿನಲ್ಲಿ ‘ಫಜ್ ಫೇಸ್’ ಎಂಬ ದುಂಡನೆಯ ಪೆಟ್ಟಿಗೆಯೂ ಬಂದಿತು.

ಒಡಕಿನ ಗುಟ್ಟು ಸರಳ. ಸೇರು ತುಂಬಿದ ಮೇಲೂ ರಾಗಿ ಸುರಿದು ಕೋಲಿನಿಂದ ತಲೆ ಸವರಿದಂತೆ, ಟ್ರಾನ್ಸಿಸ್ಟರು ತಾಳಲಾರದಷ್ಟು ಹಿಗ್ಗಿದ ಧ್ವನಿಯಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ.

ತೊಡಕಿರುವುದು ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ. (ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಆರಂಭಿಸಿತ್ತು.) ಒಂದೇ ಅಚ್ಚಿನ ಎರಡು ಒಂದೇ ಬಗೆಯಾಗಿರುವುದಿಲ್ಲ. ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ ಅವುಗಳಲ್ಲಿ ವಿದ್ಯುತ್ತು ಸದಾ ಸೋರುತ್ತಿರುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಇಮ್ಮಡಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬುದನಿಯಿದ್ದ ಪೆಟ್ಟಿಗೆ ರಂಗದ ದೀಪಗಳಡಿಯಲ್ಲಿ ಕೀರಲಾಗುವುದು ಇದರಿಂದಲೇ. ಅಂಥದ್ದನ್ನು ಕೆಟ್ಟಿದೆಯೆಂದು ಬಿಚ್ಚುವ ಮೊದಲು ತಣ್ಣಗಾಗಲು ಬಿಡುವುದು ಲೇಸು. ಸೋರಿಕೆ ಅಳತೆಯನ್ನೂ ದಾರಿತಪ್ಪಿಸುತ್ತದೆ: ಅದನ್ನು ಕಳೆಯದೆ ನೋಡಿದರೆ ಸೊರಗಿದ ಟ್ರಾನ್ಸಿಸ್ಟರು ಪೈಲ್ವಾನನಂತೆ ಕಾಣುತ್ತದೆ.

ಬೆಸುಗೆಯಲ್ಲೂ ಎಚ್ಚರ ಬೇಕು. ಈ ಬಗೆಯ ಹಲವು ಟ್ರಾನ್ಸಿಸ್ಟರುಗಳ ಒಳಗಿರುವ ಇಂಡಿಯಂ ಲೋಹ ಸುಮಾರು 156 ಡಿಗ್ರಿಗೇ ಕರಗುತ್ತದೆ. ಸೀಸ-ತವರದ ಬೆಸುಗೆ ಕರಗಲು 180ಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಬಲ್ಲವರು ತಂತಿಕಾಲನ್ನು ಇಕ್ಕಳದಿಂದ ಹಿಡಿದು, ಶಾಖ ಇಕ್ಕಳಕ್ಕೆ ಹರಿಯುವಂತೆ ಮಾಡಿ, ಕ್ಷಣಮಾತ್ರದಲ್ಲಿ ಕೆಲಸ ಮುಗಿಸುತ್ತಾರೆ.

ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಬದಲಿಸಿ, ಸೋರಿದ ಸೆಲ್ಲಿನ ಕಿಲುಬನ್ನು ಕೆರೆದು ತೆಗೆಯಿರಿ, ಇವಕ್ಕೆ ಮರುಗಬೇಕಾಗಿಲ್ಲ. ಆದರೆ ಟ್ರಾನ್ಸಿಸ್ಟರು ಸತ್ತಿದೆಯೆಂದು ಖಚಿತವಾಗುವವರೆಗೆ ಅದನ್ನು ಮುಟ್ಟಬಾರದೆಂಬುದು ನನ್ನ ಮತ. ಸಿಲಿಕಾನಿನದು ಗಟ್ಟಿಮುಟ್ಟಾದದ್ದು, ಸೋರುವುದೂ ತೀರ ಕಡಿಮೆ, ನಿಜ. ಆದರೆ ಅದರ ದನಿಯೇ ಬೇರೆ. ಫಜ್ ಫೇಸಿನಲ್ಲಿ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ 9 ವೋಲ್ಟಿನ ಸುಮಾರು ಅರ್ಧವಿದೆಯೇ ಎಂದು ಮೊದಲು ನೋಡಿ, ಸಿಕ್ಕ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಡಿ. ತೆಗೆದ ಹಳೆಯ ಭಾಗಗಳನ್ನೂ ಎಸೆಯದೆ, ಪೊಟ್ಟಣ ಕಟ್ಟಿ ಒಡೆಯನ ಕೈಗೇ ಕೊಡಿ.